ಆಮೆಗಳ ದ್ವೀಪಕ್ಕೆ ಹೋಗದ ಹಡಗು

ನಾವು ಹತ್ತಿದ ಹಡಗು ಹೇಳಿದ ಕಡೆ ನಿಲ್ಲುವುದಿಲ್ಲ. ಇದು ದೂರಲ್ಲ. ವರ್ಷವರ್ಷವೂ ಆಗುತ್ತಿದೆಯಲ್ಲ, ಆದದ್ದನ್ನು ಆದ ಹಾಗೆ ಬರೆದಿಡೋಣ ಎಂದು ಕುಳಿತೆ.

ನಾನು ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ ಮಿಡ್ಲ್ ಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಗಾಳಿ, ಮೋಡ, ಮಳೆ ಇವೆಲ್ಲ ಎಂಟನೇ ತರಗತಿಯ ಪಾಠಗಳು. ಹವಾಮಾನ ಕೆಟ್ಟರೆ ಹಡಗು ಬಂದರಿಗೆ ಹೋಗುವುದಿಲ್ಲ, ಅದರಲ್ಲಿ ಹೆಚ್ಚು ಯೋಚಿಸುವಂಥದ್ದೇನಿಲ್ಲ ಎಂದುಕೊಂಡಿದ್ದೆ. ನಮ್ಮ ಗುಂಪಿನ ಜೊತೆ ನಾಲ್ಕು ಸಲ ಹೋಗಿ ಬಂದ ಮೇಲೆ, ಹವಾಮಾನವೊಂದನ್ನು ಬಿಟ್ಟು ಮಿಕ್ಕ ಎಲ್ಲದರ ಮೇಲೂ ಸಂಶಯ ಪಡಬಹುದು ಎಂದು ಗೊತ್ತಾಯಿತು.

ಗುಂಪು ದೊಡ್ಡದಲ್ಲ. ವರ್ಜೀನಿಯಾದ ರೆಸ್ಟನ್‌ನ ಡಾಕ್ಟರು ಮತ್ತು ಅವರ ಹೆಂಡತಿ. ಆಕೆಯನ್ನು ನಾವು ಡಾಕ್ಟರಮ್ಮ ಎನ್ನುತ್ತೇವೆ, ಓದಿದ್ದು ಸಂಸ್ಕೃತ. ಷಾರ್ಲೆಟ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿರುವ ಹುಬ್ಬಳ್ಳಿಯವರು, ಅವರ ಹೆಂಡತಿ, ಒಬ್ಬಳು ಮಗಳು. ಅಟ್ಲಾಂಟಾದ ಆಂಟಿ, ಮೈಸೂರಿನವರು, ನಮ್ಮೆಲ್ಲರಿಗಿಂತ ಹಿರಿಯರು. ಕೊನೆಗೆ ನಾನು. ಮೊದಲ ವರ್ಷ ನನ್ನ ಯಜಮಾನರೂ ಇದ್ದರು.

ಆಮೆಗಳು ಎಲ್ಲಿಗೂ ಓಡಿಹೋಗುವುದಿಲ್ಲ

ಆ ಮೊದಲ ವರ್ಷ ನಮ್ಮ ವಿಹಾರದ ಹಡಗು ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ ಮುಂದೆ ನಿಂತಿತು. ಸರಿಯಾಗಿ ಹೇಳಬೇಕೆಂದರೆ, ನಿಂತದ್ದು ಆ ಒಂದೇ ಸಲ.

ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ. ಸಮುದ್ರದಲ್ಲೇ ಲಂಗರು ಹಾಕುತ್ತದೆ. ಜನರನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡ ಸೇರಿಸುತ್ತಾರೆ. ದ್ವೀಪದಲ್ಲಿ ಸಮುದ್ರದ ಆಮೆಗಳನ್ನು ಸಾಕುವ ಜಾಗವೊಂದಿದೆ. ದೊಡ್ಡ ತೊಟ್ಟಿಗಳಲ್ಲಿ ಊಟದ ಮೇಜಿನಷ್ಟು ಅಗಲದ ಆಮೆಗಳು. ಡಾಕ್ಟರಮ್ಮ ಇಡೀ ಪ್ರವಾಸಕ್ಕೆ ಹೊರಟದ್ದೇ ಅವುಗಳಿಗಾಗಿ. ಸಾಕ್ಷಾತ್ ಕೂರ್ಮ, ಒಂದು ಸಲ ಬೆನ್ನು ಮುಟ್ಟಿ ಕುಂಕುಮ ಇಟ್ಟು ಬರಬೇಕು ಎಂದು ಅವರ ಆಸೆ. ಕುಂಕುಮವನ್ನು ಹಳೆಯ ಮಾತ್ರೆ ಡಬ್ಬಿಯಲ್ಲಿ ತಂದಿದ್ದರು.

ಅಂದು ಬುಧವಾರ. ಏಳೂವರೆಯಿಂದ ಒಂಬತ್ತು ಯಮಗಂಡ, ಅವರು ಹೊಸ್ತಿಲು ದಾಟುವ ಹಾಗಿಲ್ಲ. ಒಂಬತ್ತರಿಂದ ಹತ್ತೂವರೆ ಶುಭ. ಆದರೆ ಆ ಹೊತ್ತು ಮೊಟ್ಟೆ ಹಾಕದ ತಿಂಡಿ ಯಾವುದು ಎಂದು ಪ್ರತಿಯೊಂದು ಪಾತ್ರೆಯ ಮುಂದೆ ನಿಂತು ವಿಚಾರಿಸುವುದರಲ್ಲಿ ಕಳೆಯಿತು. ಹತ್ತೂವರೆಯಿಂದ ಹನ್ನೆರಡು ಗುಳಿಕ. ಹನ್ನೆರಡರಿಂದ ಒಂದೂವರೆ ರಾಹುಕಾಲ. ಆಮೇಲೆ ಹೊರಡೋಣ ಎಂದರೆ ಡಾಕ್ಟರು ಉಂಡು ಮಲಗಿದ್ದರು. ಅವರು ಎದ್ದಾಗ ದ್ವೀಪಕ್ಕೆ ಹೋಗುವ ದೋಣಿ ನಿಂತು, ಅಲ್ಲಿಂದ ವಾಪಸ್ ಬರುವ ದೋಣಿ ಮಾತ್ರ ಉಳಿದಿತ್ತು.

ಮಿಕ್ಕ ನಾವೆಲ್ಲ ಬೆಳಗ್ಗೆಯೇ ಹೋಗಿ ಆಮೆ ನೋಡಿ ಬಂದಿದ್ದೆವು. ಡಾಕ್ಟರಮ್ಮ ಮೇಲಿನ ಕಟಕಟೆ ಹಿಡಿದು ದ್ವೀಪವನ್ನೇ ನೋಡುತ್ತ ನಿಂತಿದ್ದರು. ನನ್ನ ಯಜಮಾನರು ಸಮಾಧಾನ ಹೇಳಿದರು: “ಬೇಜಾರು ಮಾಡ್ಕೋಬೇಡಿ. ಆಮೆಗಳು ಎಲ್ಲಿಗೂ ಓಡಿಹೋಗೋಲ್ಲ. ಮುಂದಿನ ವರ್ಷ ಬಂದರಾಯ್ತು.”

ಆಮೆಗಳು ಓಡಿಹೋಗಲಿಲ್ಲ, ನಿಜ. ಅಲ್ಲಿಂದ ಮುಂದೆ ಓಡಿಹೋಗುತ್ತಿದ್ದದ್ದು ಹಡಗು.

ಪ್ರಯಾಣಕ್ಕೆ ಪ್ರಶಸ್ತ

ಮುಂದಿನ ಫೆಬ್ರುವರಿಯಲ್ಲಿ ನನ್ನ ಯಜಮಾನರು ತೀರಿಕೊಂಡರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅಪಾರ್ಟ್‌ಮೆಂಟ್ ಅದೇ, ಶಾಲೆ ಅದೇ, ಬೆಳಗಿನ ಬಸ್ಸೂ ಅದೇ. ವರಮಹಾಲಕ್ಷ್ಮಿಗೆ, ಗೌರಿಗೆ ಅರಿಸಿನ ಕುಂಕುಮಕ್ಕೆ ಕರೆಯುತ್ತಿದ್ದ ಮನೆಗಳಿಂದ ಫೋನು ಬರುವುದು ನಿಂತಿತು. ಅದು ಪದ್ಧತಿ, ಯಾರೂ ಬೇಕೆಂದು ಮಾಡಿದ್ದಲ್ಲ. ಹೀಗೆ ಕರೆಗಳು ಒಂದೊಂದಾಗಿ ನಿಂತ ಮೇಲೆ ನನ್ನ ಪಾಲಿಗೆ ಉಳಿದದ್ದು ಆ ಹಡಗಿನ ವಾರ. ಏಳು ದಿನ ಬೇರೆಯವರ ಜೊತೆ ಕುಳಿತು ಉಣ್ಣುವುದು. ಅದು ನನಗೆ ಬೇಕಿತ್ತು. ಯಾರಿಗೂ ಹೇಳಿರಲಿಲ್ಲ.

ಜೂನ್‌ನಲ್ಲಿ ಡಾಕ್ಟರಮ್ಮನ ಫೋನು ಬಂತು.

“ಟೀಚರೇ, ನೀವು ಬರ್ತೀರಿ ಅಂತ ಹೆಸರು ಕೊಟ್ಟಾಯ್ತು. ಜುಲೈ ಬೇಡ, ಆಷಾಢ. ಆಮೇಲೆ ಪಿತೃಪಕ್ಷ ಬಂದುಬಿಡುತ್ತೆ. ಶ್ರಾವಣದಲ್ಲಿ ನಿಮ್ಮ ಸ್ಕೂಲ್ ಶುರುವಾಗೋ ಮುಂಚೆ ಒಂದು ವಾರ ಪ್ರಶಸ್ತವಾಗಿದೆ.”

ಶ್ರಾವಣ ಎಂದರೆ ಆಗಸ್ಟ್. ಅಟ್ಲಾಂಟಿಕ್‌ನಲ್ಲಿ ಚಂಡಮಾರುತಗಳು ಹುಟ್ಟಿ, ಮೈ ತುಂಬಿಕೊಂಡು, ಕೆರಿಬಿಯನ್ ಕಡೆ ಹೊರಡುವ ತಿಂಗಳು. ಮೊದಲ ವರ್ಷವೂ ನಾವು ಹೋದದ್ದು ಆಗಸ್ಟ್‌ನಲ್ಲೇ, ಅದೃಷ್ಟಕ್ಕೆ ಸಮುದ್ರ ಸುಮ್ಮನಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನು ಹೇಳುವುದು ನನ್ನ ಕೆಲಸ.

“ಆ ಹೊತ್ತಿಗೆ ಸಮುದ್ರದಲ್ಲಿ ಗಾಳಿ...” ಎಂದೆ.

“ಶುಭಕಾರ್ಯ ಮಾತಾಡುವಾಗ ಹಾಗನ್ನಬಾರದು ಟೀಚರೇ,” ಎಂದರು, ಬಹಳ ಮೆತ್ತಗೆ.

ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳಾಗಿದ್ದವಳು ಅಶುಭ ನುಡಿಯುವುದು ಬೇಡವೆಂದು ಬಾಯಿ ಮುಚ್ಚಿದೆ. ಪಂಚಾಂಗದಲ್ಲಿ ಆ ದಿನ ‘ಪ್ರಯಾಣಕ್ಕೆ ಪ್ರಶಸ್ತ’ ಎಂದು ಬರೆದಿತ್ತು. ತಲುಪುವುದಕ್ಕೆ ಎಂದು ಬರೆದಿರಲಿಲ್ಲ.

ಕಿತ್ತಳೆ ರಸದ ಪುರಾವೆ

ಡಾಕ್ಟರ ವ್ಯಾನಿನಲ್ಲಿ ರೆಸ್ಟನ್ ಬಿಟ್ಟು, ಷಾರ್ಲೆಟ್‌ನಲ್ಲಿ ಒಂದು ರಾತ್ರಿ ತಂಗಿ, ಅಟ್ಲಾಂಟಾದಲ್ಲಿ ಆಂಟಿಯನ್ನು ಹತ್ತಿಸಿಕೊಂಡು, ಮಯಾಮಿಯಲ್ಲಿ ಹಡಗು ಹತ್ತಿದೆವು. ಹಿಂದಿನ ವರ್ಷದ ಹಡಗೇ. ಅದರ ಅಡುಗೆಯವರಿಗೆ ನಾವು ಏನು ತಿನ್ನುವುದಿಲ್ಲ ಎಂಬುದು ಒಂದು ವಾರದ ವಾದವಿವಾದದ ನಂತರ ಅರ್ಥವಾಗಿತ್ತು. ಇನ್ನೊಂದು ಹಡಗಿಗೆ ಮೊದಲಿನಿಂದ ಕಲಿಸುವ ಶಕ್ತಿ ಯಾರಿಗೂ ಇರಲಿಲ್ಲ.

ದ್ವೀಪ ಮುಟ್ಟಬೇಕಾದ ಬೆಳಗ್ಗೆ ಕ್ಯಾಪ್ಟನ್ ದನಿ ಕೇಳಿಸಿತು. ದೂರದಲ್ಲೆಲ್ಲೋ ಚಂಡಮಾರುತ, ಅದರ ಅಲೆ ಇಲ್ಲಿಯವರೆಗೆ ಬರುತ್ತಿದೆ, ದೋಣಿಗೆ ಜನರನ್ನು ಇಳಿಸುವುದು ಅಪಾಯ, ಆದ್ದರಿಂದ ಈ ದಿನ ಸಮುದ್ರದಲ್ಲೇ ಕಳೆಯುತ್ತೇವೆ, ಕ್ಷಮಿಸಿ.

ಷಾರ್ಲೆಟ್‌ನವರು ಆಕಾಶ ನೋಡಿದರು. ಒಂದು ತುಂಡು ಮೋಡವಿರಲಿಲ್ಲ.

“ಎಲ್ಲದರೀ ಗಾಳಿ? ಎಲ್ಲದ?” ಎಂದರು. “ಹತ್ತು ವರ್ಷ ಬ್ಯಾಂಕಿನಾಗ ಅದೀನಿ ಟೀಚರ್, ಕಂಪನಿ ಮಂದಿ ‘ಕ್ಷಮಿಸಿ’ ಅಂದ್ರ ಅದರ ಹಿಂದ ಏನರ ಒಂದು ಇರ್ತದ. ಬಂದರಿಗೆ ಹೋಗಲಿಕ್ಕೆ ಇವರಿಗೆ ಮನಸಿಲ್ಲ. ಹವಾ ಅಂತ ಹೇಳಿದ್ರ ಯಾರು ಪ್ರಶ್ನಾ ಕೇಳ್ತಾರ?”

“ದೂರದ ಅಲೆ ಆಕಾಶದಲ್ಲಿ ಕಾಣಿಸುವುದಿಲ್ಲ,” ಎಂದೆ.

“ನೀವು ಪಾಪ, ಎಲ್ಲಾರನೂ ನಂಬತೀರಿ,” ಎಂದು ತಿಂಡಿಯ ಸಾಲಿನಿಂದ ಒಂದು ಗ್ಲಾಸು ಕಿತ್ತಳೆ ರಸ ತೆಗೆದುಕೊಂಡು, ಅಂಚಿನವರೆಗೆ ತುಂಬಿಸಿ, ಒಂದು ಹನಿ ಚೆಲ್ಲದಂತೆ ಎರಡು ಮಹಡಿ ಇಳಿದು, ವಿಚಾರಣೆಯ ಕೌಂಟರಿನ ಮೇಲೆ ಇಟ್ಟರು. ನಾವೆಲ್ಲ ಹಿಂದೆ ಹೋದೆವು.

ಕೌಂಟರಿನಲ್ಲಿದ್ದ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದರು: “ಮೇಡಂ, ಈ ಗ್ಲಾಸು ನೋಡಿ. ಅಲುಗುತ್ತಿದೆಯೇ?”

ಅವಳು ಬಗ್ಗಿ ಗಮನವಿಟ್ಟು ನೋಡಿದಳು. “ಇಲ್ಲ ಸರ್.”

“ಹಾಗಾದರೆ ಅಲೆ ಎಲ್ಲಿದೆ?”

ಅವಳು ಉತ್ತರ ಕೊಡುವ ಮೊದಲೇ ಗ್ಲಾಸು ಹೊರಟಿತು. ಅವಸರವೇನೂ ಇರಲಿಲ್ಲ. ಉದ್ದನೆಯ ಕೌಂಟರಿನ ಮೇಲೆ, ಯಾರೋ ಕರೆದ ಹಾಗೆ, ನಿಧಾನವಾಗಿ ಸಾಗಿ, ಆ ತುದಿಯಲ್ಲಿ ಚೀಟಿ ತುಂಬುತ್ತಿದ್ದ ಜಾರ್ಜಿಯಾದ ಒಬ್ಬ ಮುದುಕರ ಬಿಳಿ ಪ್ಯಾಂಟಿನ ಮೇಲೆ ಮಗುಚಿಕೊಂಡಿತು.

ಷಾರ್ಲೆಟ್‌ನವರು ಬಗ್ಗಿ, ಒಂದು ಕಣ್ಣು ಮುಚ್ಚಿ, ಕೌಂಟರಿನ ಉದ್ದಕ್ಕೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನೋಡಿದ್ರೇನ್ರೀ,” ಎಂದರು, “ಇವರ ಟೇಬಲ್ ಸುದ್ದಾ ಸಮ ಇಲ್ಲ.”

ನಂಬಲರ್ಹ ಮೂಲ

ಅದರ ಮರುವರ್ಷ ಡಾಕ್ಟರು ಸಿದ್ಧವಾಗಿ ಬಂದಿದ್ದರು. ಮೂವತ್ತು ವರ್ಷ ವೈದ್ಯ ವೃತ್ತಿ ಮಾಡಿದವರು. ಇನ್ನೊಬ್ಬರ ಅಭಿಪ್ರಾಯ ಕೇಳದೆ ಯಾವುದನ್ನೂ ಒಪ್ಪುವವರಲ್ಲ.

“ಕ್ಯಾಪ್ಟನ್ ಹೇಳಿದ ಅಂತ ನಾವು ಹೌದಪ್ಪ ಅನ್ನೋದಾ? ಸೆಕೆಂಡ್ ಒಪಿನಿಯನ್ ತಗೋತೀನಿ,” ಎಂದರು.

ಕ್ಯಾಪ್ಟನ್ ಅದೇ ದ್ವೀಪದ ಮುಂದೆ ಅದೇ ಮಾತು ಹೇಳಿದ. ಇಂಥ ದಿನ ಇಂಥ ಸಮಯಕ್ಕೆ ಫೋನು ಬರುತ್ತದೆ, ಟಿವಿಯಲ್ಲಿ ಹವಾಮಾನ ನೋಡಿಟ್ಟಿರು ಎಂದು ಡಾಕ್ಟರು ತಮ್ಮ ಕ್ಲಿನಿಕ್ಕಿನ ಕಿರಿಯ ಡಾಕ್ಟರಿಗೆ ಮೊದಲೇ ಆಜ್ಞೆ ಮಾಡಿದ್ದರು. ಹಡಗಿನಿಂದ ಉಪಗ್ರಹದ ಮೂಲಕ ಫೋನು ಮಾಡಿದರು. ಆ ಫೋನಿನಲ್ಲಿ ಮಾತು ಹೋಗಿ ಬರುವಷ್ಟರಲ್ಲಿ ಅರ್ಧ ವಾಕ್ಯ ಕಳೆದುಹೋಗುತ್ತಿತ್ತು.

“ವೆದರ್ ಹೇಗಿದೆಯಪ್ಪ?”

ನಾವೆಲ್ಲ ಉಸಿರು ಬಿಗಿ ಹಿಡಿದು ಅವರ ಮುಖ ನೋಡುತ್ತಿದ್ದೆವು. ಅವರ ಮುಖ ಅರಳಿತು. “ಶ್ಯೂರ್? ಗಾಳಿ? ಏನೂ ಇಲ್ಲ? ಥ್ಯಾಂಕ್ಯೂ.”

ನೇರವಾಗಿ ಹೋಗಿ ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬನನ್ನು ತಡೆದು ನಿಲ್ಲಿಸಿದರು. ನಂಬಲರ್ಹ ಮೂಲದಿಂದ ಈಗತಾನೇ ತಿಳಿದಿದೆ, ಬಿಸಿಲಿದೆ, ಗಾಳಿ ಇಲ್ಲ, ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ದೋಣಿ ಇಳಿಸಬಹುದು ಎಂದರು. ಅವನು ಗೌರವದಿಂದ ಕೇಳಿಸಿಕೊಂಡ.

“ಇದು ಎಲ್ಲಿಯ ಹವಾಮಾನ, ಸರ್?”

ಡಾಕ್ಟರು ಹೇಳಿದರು: “ವರ್ಜೀನಿಯಾ.”

ಆ ಕಿರಿಯ ಡಾಕ್ಟರನ್ನು ನಾನು ಆಮೇಲೆ ಒಂದು ಮದುವೆಯಲ್ಲಿ ಕಂಡೆ. ಅವನು ಪಾಪ, ಟಿವಿ ನೋಡುವುದನ್ನು ಮರೆತಿದ್ದನಂತೆ. ಸೀನಿಯರ್‌ಗೆ ಮರೆತೆ ಎನ್ನುವುದು ಹೇಗೆ ಎಂದು ಕಿಟಕಿಯ ಹೊರಗೆ ನೋಡಿ ಹೇಳಿದನಂತೆ.

ಚಕ್ರವಿಲ್ಲದ ವಾಹನ

ನಾಲ್ಕನೆಯ ವರ್ಷಕ್ಕೆ ಕಂಪನಿಯ ಮೇಲಿದ್ದ ಸಂಶಯ ಹೋಗಿ ಕೆಟ್ಟ ದೃಷ್ಟಿಯ ಮೇಲೆ ಬಂತು. ಕಂಡುಹಿಡಿದವರು ಅಟ್ಲಾಂಟಾ ಆಂಟಿ.

“ವ್ಯಾನಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೇ ಹೊರಡ್ತೀವಿ. ವ್ಯಾನಿಗೆ ಇವತ್ತಿನವರೆಗೂ ಏನಾದರೂ ಆಗಿದೆಯಾ? ಹಡಗಿಗೆ ಯಾರು ಇಟ್ಟಿದ್ದಾರೆ, ಹೇಳಿ.”

ಅದು ಸರಿಯಾದ ಪ್ರಶ್ನೆಯೇ. ತೊಂದರೆಯೆಂದರೆ ಹಡಗಿಗೆ ಚಕ್ರವಿಲ್ಲ. ಹಡಗಿನ ಕೆಳಗೆ ನಿಂಬೆಹಣ್ಣು ಇಡುವುದು ಹೇಗೆ ಎಂಬ ಚರ್ಚೆ ಜಾರ್ಜಿಯಾದಿಂದ ಫ್ಲಾರಿಡಾದ ಗಡಿಯವರೆಗೆ ನಡೆಯಿತು. ಕೊನೆಗೆ ಆಂಟಿ ತಮ್ಮ ಕ್ಯಾಬಿನ್ನಿನ ಬಾಗಿಲಿಗೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ದಾರದಲ್ಲಿ ಪೋಣಿಸಿ ಕಟ್ಟಿದರು.

ಸಂಜೆ ನೋಡಿದರೆ ಅದು ಇಲ್ಲ. ಇನ್ನೊಂದು ಕಟ್ಟಿದರು. ಮರುದಿನ ಅದೂ ಇಲ್ಲ. ಆ ಜಾಗದಲ್ಲಿ ಟವೆಲ್ಲನ್ನು ಮಡಿಸಿ ಮಾಡಿದ ಒಂದು ಕೋತಿ ನೇತಾಡುತ್ತಿತ್ತು. ಕ್ಯಾಬಿನ್ ಗುಡಿಸುವವನ ಕೆಲಸ.

“ನೋಡಿದೆಯೇನೇ?” ಎಂದು ಆಂಟಿ ನನ್ನನ್ನು ಕರೆದು ತೋರಿಸಿದರು. “ಇವನೇ. ನಾನು ದೃಷ್ಟಿಗೆ ಕಟ್ಟೋದು, ಇವನು ಬಿಚ್ಚಿ ಕೋತಿ ಕಟ್ಟೋದು. ಯಾವನೋ ಹೇಳಿಕೊಟ್ಟು ಮಾಡಿಸ್ತಿದ್ದಾನೆ.”

ನಾನು ಅವನನ್ನು ಹುಡುಕಿ, ಅವರಿಗೆ ನಿಂಬೆಹಣ್ಣು ಬಾಗಿಲಲ್ಲಿ ಇರಬೇಕು, ತೆಗೆಯಬೇಡಿ ಎಂದು ವಿವರಿಸಿದೆ. ಒಳ್ಳೆಯ ಮನುಷ್ಯ. ತಪ್ಪಾಯಿತು, ಅಮ್ಮನಿಗೆ ನಿಂಬೆಹಣ್ಣು ಇಷ್ಟವೆಂದು ಗೊತ್ತಿರಲಿಲ್ಲ ಎಂದ. ಅಂದು ಮಧ್ಯಾಹ್ನ ಆಂಟಿಯ ಹಾಸಿಗೆಯ ಮೇಲೆ ಒಂದು ದೊಡ್ಡ ಬಟ್ಟಲು ತುಂಬ ನಿಂಬೆಹಣ್ಣು, ನಡುವೆ ಒಂದು ಚಾಕು, ಪಕ್ಕದಲ್ಲಿ ಉಪ್ಪಿನ ಡಬ್ಬಿ.

ಅಷ್ಟು ಹಣ್ಣು ಕಂಡು ಯಾವ ದೃಷ್ಟಿಯಾದರೂ ಹೆದರಬೇಕಿತ್ತು. ಮರುದಿನ ಬೆಳಗ್ಗೆ ಕ್ಯಾಪ್ಟನ್ ‘ಕ್ಷಮಿಸಿ’ ಎಂದ. ಆಂಟಿ ಬಟ್ಟಲನ್ನೊಮ್ಮೆ ನೋಡಿ, “ಇನ್ನು ಉಪ್ಪಿನಕಾಯಿ ಹಾಕೋದೊಂದೇ ದಾರಿ,” ಎಂದರು.

ಕರವಸ್ತ್ರದ ಮೇಲಿನ ಕೋಷ್ಟಕ

ಅದೇ ದಿನ ಮಧ್ಯಾಹ್ನದ ಊಟಕ್ಕೆ ಡಾಕ್ಟರು ಪೆನ್ನು ತೆಗೆದರು.

“ಹೀಗೆ ಆಗೋದಿಲ್ಲ. ಶಾಸ್ತ್ರೀಯವಾಗಿ ನೋಡೋಣ. ಯಾವ ರೋಗಿ ಯಾವಾಗ, ಏನು ತಿಂದ, ಯಾರ ಜೊತೆ ಇದ್ದ ಅಂತ ಬರೆದರೆ ಕಾರಣ ತಾನಾಗೇ ಸಿಗುತ್ತೆ.”

ಕಾಗದದ ಕರವಸ್ತ್ರ ಬಿಡಿಸಿ ಗೆರೆ ಎಳೆದರು. ಮೇಲೆ ನಾಲ್ಕು ವರ್ಷ. ಪಕ್ಕದಲ್ಲಿ ನಮ್ಮ ಹೆಸರುಗಳು. ಮೊದಲ ವರ್ಷದ ಕೆಳಗೆ ‘ತಲುಪಿತು’, ಮಿಕ್ಕ ಮೂರರ ಕೆಳಗೆ ‘ಇಲ್ಲ’.

“ಇದನ್ನ ಕಾಲ್ಗುಣ ಅಂತಾರೆ. ನಮ್ಮಜ್ಜಿ ಬರೀ ಬಾಯಲ್ಲಿ ಹೇಳ್ತಿದ್ದಳು. ನಾನು ಟೇಬಲ್ ಹಾಕ್ತಿದೀನಿ, ಅಷ್ಟೇ,” ಎಂದು ನಕ್ಕು, ಒಬ್ಬೊಬ್ಬರ ಮುಂದೆ ಗುರುತು ಹಾಕುತ್ತ ಬಂದರು. ತಾವಿಬ್ಬರು ನಾಲ್ಕೂ ವರ್ಷ. ಷಾರ್ಲೆಟ್‌ನವರು ನಾಲ್ಕೂ ವರ್ಷ. ಆಂಟಿ ನಾಲ್ಕೂ ವರ್ಷ. ನನ್ನ ಹೆಸರಿಗೆ ಬಂದರು. ನಾಲ್ಕೂ ವರ್ಷ. ಅದರ ಕೆಳಗೆ ನನ್ನ ಯಜಮಾನರ ಹೆಸರಿತ್ತು. ಒಂದೇ ಒಂದು ಗುರುತು, ‘ತಲುಪಿತು’ ಎಂಬುದರ ಕೆಳಗೆ.

ಪೆನ್ನು ಅಲ್ಲಿ ನಿಂತಿತು.

ಆ ಕೋಷ್ಟಕ ಓದಲು ಡಾಕ್ಟರಾಗಬೇಕಿಲ್ಲ. ಮೊದಲ ವರ್ಷಕ್ಕೂ ಮಿಕ್ಕ ಮೂರಕ್ಕೂ ಬದಲಾದದ್ದು ಒಂದೇ. ಅವರು ಇದ್ದಾಗ ನಾನು ಮುತ್ತೈದೆ, ಆಮೇಲೆ ಅಲ್ಲ. ನಾನು ಈ ಲೆಕ್ಕವನ್ನು ಎರಡು ವರ್ಷ ಹಿಂದೆಯೇ ಮಾಡಿ ಮುಗಿಸಿದ್ದೆ. ಬೇರೆಯವರು ಮಾಡದಿರಲಿ ಎಂದು ಆಸೆ ಇಟ್ಟುಕೊಂಡಿದ್ದೆ, ಅಷ್ಟೇ.

ಡಾಕ್ಟರಮ್ಮ ಮೊಸರನ್ನದಲ್ಲಿ ಚಮಚ ಆಡಿಸುತ್ತಿದ್ದರು. ಆಂಟಿ ಕಿಟಕಿ ನೋಡಿದರು.

ಷಾರ್ಲೆಟ್‌ನವರ ಮಗಳು ಕೇಳಿದಳು: “ವೆಯ್ಟ್, ಕಾಲ್ಗುಣ ಅಂದ್ರೆ ವಾಟ್?”

ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡುವುದು ನನಗೆ ಅಭ್ಯಾಸ. “ಕೆಲವರು ಕಾಲಿಟ್ಟ ಕಡೆ ಒಳ್ಳೆಯದಾಗುತ್ತದೆ, ಕೆಲವರು ಕಾಲಿಟ್ಟರೆ ಕೆಟ್ಟದಾಗುತ್ತದೆ ಎಂದು ಒಂದು ನಂಬಿಕೆ,” ಎಂದೆ.

ಅವಳು ಮೇಜಿನ ಬಟ್ಟೆ ಎತ್ತಿ ಕೆಳಗೆ ಬಗ್ಗಿ ಎಲ್ಲರ ಕಾಲನ್ನೂ ನೋಡಿ ಬಂದಳು. “ಬಟ್ ಎವ್ರಿವನ್ ಇಸ್ ವೇರಿಂಗ್ ಶೂಸ್,” ಎಂದಳು.

ಡಾಕ್ಟರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಕಾಫಿ ತರಿಸಿದರು. ಬಾಯಿ ಬಿಟ್ಟವರು ಷಾರ್ಲೆಟ್‌ನವರೇ.

“ಅಲ್ಲರೀ ಡಾಕ್ಟ್ರೇ, ನಿಮ್ಮ ಟೇಬಲ್ಲಿನಾಗ ಕ್ಯಾಪ್ಟನ್ ಎಲ್ಲಿದಾನ? ಮೊದಲನೇ ವರ್ಷ ಬ್ಯಾರೆಯವ ಇದ್ದ, ಗಡ್ಡದವ. ಈ ಮೂರೂ ವರ್ಷ ಇವನ ಅದಾನ. ಬರೀ ಹತ್ತಿದವರದ ಬರದ್ರ ಹೆಂಗ, ನಡಸವಂದು ಬರೀಬಾರದೇನು?”

ಅದು ನಿಜವಾಗಿಯೂ ಹಾಗಿತ್ತೋ, ನನ್ನ ಮುಖ ನೋಡಿ ಹೇಳಿದರೋ ಇಂದಿಗೂ ಗೊತ್ತಿಲ್ಲ. ಗಡ್ಡದ ಕ್ಯಾಪ್ಟನ್ ನನಗೆ ನೆನಪಿಲ್ಲ. ಆದರೆ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

ಸಂಜೆ ಕ್ಯಾಪ್ಟನ್ ಊಟದ ಕೋಣೆಗೆ ಬಂದು ಮೇಜು ಮೇಜಿಗೆ ಹೋಗಿ ಕೈಕುಲುಕಿದ. ನಮ್ಮ ಆಂಟಿಯ ಮುಂದೆ ಕೈ ಚಾಚಿ ನಿಂತೇ ಇದ್ದ. ಆಂಟಿ ಅವನ ಬೂಟುಗಳನ್ನು ನೋಡುತ್ತಿದ್ದರು.

ಮನೆಯಲ್ಲಿ ಕುಳಿತವಳು

ಮಡಿಸಿದ ಕರವಸ್ತ್ರದಲ್ಲಿ ಬರೆದದ್ದು ಅಳಿಸಿರುವುದಿಲ್ಲ. ಆ ವರ್ಷವೆಲ್ಲ ಅನುಮಾನದ ರೋಗ ನನಗೇ ಹತ್ತಿತು. ಭಾನುವಾರ ಬರುತ್ತಿದ್ದ ಡಾಕ್ಟರಮ್ಮನ ಫೋನು ಮಂಗಳವಾರ ಬಂದರೆ, ಯಾಕೆ ಮಂಗಳವಾರ? ಆಂಟಿ ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಜಾಡಿ ಬಂತು, ಜೊತೆಗೆ ಕಾಗದವಿರಲಿಲ್ಲ. ಯಾಕೆ ಕಾಗದವಿಲ್ಲ? ಜೂನ್‌ನಲ್ಲಿ ಡಾಕ್ಟರಮ್ಮ, “ಟೀಚರೇ, ಈ ಸಲವೂ ಶ್ರಾವಣವೇ,” ಎಂದಾಗ, ನಾನು ಬರೆದಿಟ್ಟುಕೊಂಡಿದ್ದ ಉತ್ತರವನ್ನು ಓದಿದೆ: ಈ ವರ್ಷ ಶಾಲೆ ಶುರುವಾಗುವ ಮುಂಚೆ ಶಿಕ್ಷಕರಿಗೆ ತರಬೇತಿ ಇದೆ, ಬರಲಾಗುವುದಿಲ್ಲ. ತರಬೇತಿ ಇದ್ದದ್ದು ಒಂದು ದಿನ. ಅದನ್ನು ಹೇಳಲಿಲ್ಲ.

ಆಕೆ “ಹಾಗಾ?” ಎಂದರು. ಬಲವಂತ ಮಾಡಲಿಲ್ಲ. ಯಾಕೆ ಬಲವಂತ ಮಾಡಲಿಲ್ಲ ಎಂದು ಎರಡು ವಾರ ಯೋಚಿಸಿದೆ.

ಅವರು ಹೊರಟ ಶನಿವಾರ ನಾನು ಜರ್ಮನ್‌ಟೌನ್‌ನಲ್ಲಿದ್ದೆ. ಕಿರಾಣಿ ಅಂಗಡಿಯ ಚೀಲದ ಮೇಲೆ ಚಂಡಮಾರುತದ ಹಾದಿ ಗುರುತಿಸುವ ನಕ್ಷೆ ಅಚ್ಚಾಗಿತ್ತು. ಅಟ್ಲಾಂಟಿಕ್, ಕೆರಿಬಿಯನ್, ಸಣ್ಣ ಚೌಕಗಳು. ಮಕ್ಕಳಿಗೆ ತೋರಿಸಲು ಚೆನ್ನಾಗಿದೆ ಎಂದು ಕತ್ತರಿಸಿ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಟಿವಿಯವರು ದಿನಕ್ಕೆ ನಾಲ್ಕು ಸಲ ಹೇಳುವ ಅಕ್ಷಾಂಶ ರೇಖಾಂಶ ಕೇಳಿ ಪೆನ್ಸಿಲ್ಲಿನಿಂದ ಚುಕ್ಕೆ ಇಡತೊಡಗಿದೆ. ಒಂದು ಬಿರುಗಾಳಿ ಹೊರಟಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಡಗು ಸುಖವಾಗಿ ದ್ವೀಪ ಸೇರಲಿ, ಡಾಕ್ಟರಮ್ಮನಿಗೆ ಆಮೆ ಸಿಗಲಿ ಎಂದು ನಾನು ಹಾರೈಸಿದೆ ಎಂದರೆ ಅದು ಸುಳ್ಳು. ನಾನಿಲ್ಲದ ಮೊದಲ ಸಲವೇ ಹಡಗು ಅಲ್ಲಿ ನಿಂತರೆ, ಆ ಕೋಷ್ಟಕ ಪೂರ್ತಿಯಾದ ಹಾಗೆ. ಆಮೇಲೆ ಜೂನ್‌ನಲ್ಲಿ ಯಾರೂ ಫೋನು ಮಾಡಬೇಕಾಗಿಲ್ಲ. ಸೋಮವಾರ ಚುಕ್ಕೆ ದ್ವೀಪದ ದಾರಿ ಬಿಟ್ಟು ಉತ್ತರಕ್ಕೆ ತಿರುಗುವ ಹಾಗಿತ್ತು. ನಾನು ಟಿವಿಯ ಮುಂದೆ ನಿಂತು, “ಪಶ್ಚಿಮಕ್ಕೆ,” ಎಂದೆ. ಮೆಲ್ಲಗೇ ಹೇಳಿದ್ದು. ತಪ್ಪು ಉತ್ತರ ಬರೆಯಲು ಹೊರಟ ಮಗುವಿನ ಹಿಂದೆ ನಿಂತು ಹೇಳುವ ಹಾಗೆ. ಮಂಗಳವಾರ ಅದು ಪಶ್ಚಿಮಕ್ಕೆ ಹೋಯಿತು. ನನಗೆ ನಾಚಿಕೆಯಾಯಿತು. ಆದರೂ ಚುಕ್ಕೆ ಇಟ್ಟು, ಗೆರೆ ಎಳೆದೆ.

ಗುರುವಾರ ಬೆಳಗ್ಗೆ ಫೋನು ಬಂತು. ಹಿಂದೆ ಬಹಳ ಗದ್ದಲ. ಹಡಗು ಬೇರೆ ಯಾವುದೋ ಊರಿಗೆ ಹೋಗಿ ನಿಂತಿದೆ, ಬಂದರಿನ ಫೋನ್ ಬೂತಿನಿಂದ ಮಾತಾಡುತ್ತಿದ್ದೇವೆ ಎಂದರು. ಮೊದಲು ಡಾಕ್ಟರಮ್ಮ.

“ಟೀಚರೇ, ಹೋಗಲಿಲ್ಲ ಕಣ್ರೀ. ನಿನ್ನೆ ಹಡಗು ಹೋಗಲಿಲ್ಲ.” ಆಮೆ ಸಿಗದವರ ದನಿಯಾಗಿರಲಿಲ್ಲ ಅದು. “ಕ್ಯಾಪ್ಟನ್ ‘ಕ್ಷಮಿಸಿ’ ಅಂದ ತಕ್ಷಣ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಪಕ್ಕದ ಮೇಜಿನವರು ನಮ್ಮನ್ನ ಹುಚ್ಚರು ಅಂದ್ಕೊಂಡ್ರು.”

ಡಾಕ್ಟರು ಫೋನು ಕಸಿದುಕೊಂಡು, “ಆ ನ್ಯಾಪ್‌ಕಿನ್ ಸಮುದ್ರಕ್ಕೆ ಎಸೆದೆ ಟೀಚರ್. ಡಯಾಗ್ನಸಿಸ್ ತಪ್ಪು. ನಾನು ತಪ್ಪು ಅಂತ ಹೇಳೋದು ಅಪರೂಪ, ಬರೆದಿಟ್ಕೊಳ್ಳಿ,” ಎಂದರು.

ಆಮೇಲೆ ಆಂಟಿ. “ನೀನು ತಪ್ಪಿಸಿಕೊಂಡೆ ಅಂತ ನನಗೆ ಗೊತ್ತು. ತರಬೇತಿಯಂತೆ, ತರಬೇತಿ. ಮುಂದಿನ ವರ್ಷ ನೀನೇ ಮುಂದೆ ಹತ್ತಬೇಕು, ನಾವೆಲ್ಲ ನಿನ್ನ ಹಿಂದೆ. ಕೇಳಿಸಿತಾ?”

“ಕೇಳಿಸಿತು,” ಎಂದೆ.

ಕೊನೆಗೆ ಷಾರ್ಲೆಟ್‌ನವರು. ಅವರ ದನಿಯಲ್ಲಿ ಸಂಭ್ರಮವಿರಲಿಲ್ಲ, ವಿಚಾರಣೆ ಇತ್ತು.

“ಟೀಚರ್, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಬಿರುಗಾಳಿ ಉತ್ತರಕ್ಕ ಹೊಂಟಿತ್ತಂತ, ಒಮ್ಮಿಂದೊಮ್ಮೆ ಈ ಕಡೆ ತಿರುಗಿತಂತ. ಇಲ್ಲಿ ಯಾರಿಗೂ ಕಾರಣ ತಿಳೀವಲ್ಲದು. ನೀವು ಅಲ್ಲಿ ಮನ್ಯಾಗ ಒಬ್ಬರ ಕೂತು ಏನು ಮಾಡಾಕ್ಹತ್ತಿದ್ರಿ?”

“ನಕ್ಷೆಯ ಮೇಲೆ ಅದರ ಹಾದಿ ಬರೆಯುತ್ತಿದ್ದೆ,” ಎಂದೆ.

“ಯಾತರಲೆ ಬರೀತಿದ್ರಿ?”

“ಪೆನ್ಸಿಲ್ಲಿನಲ್ಲಿ.”

ಅವರು ಬಾಯಿಯಿಂದ ಫೋನು ದೂರ ಮಾಡಿ ಉಳಿದವರಿಗೆ, “ಪೆನ್ಸಿಲ್ಲಿನಾಗ ಬರದಾರಂತ್ರೀ,” ಎಂದದ್ದು ಕೇಳಿಸಿತು. ಮತ್ತೆ ನನ್ನ ಕಡೆಗೆ:

“ಮತ್ತ ಮನ್ಯಾಗ ಒಂದು ರಬ್ಬರ್ ಇರಲಿಲ್ಲೇನ್ರೀ, ಟೀಚರ್?”

ನಾನು ಮೇಜಿನ ಮೇಲೆ ನೋಡಿದೆ. ಒಂದು ಸುಳ್ಳನ್ನು ಜೂನ್‌ನಲ್ಲೇ ಹೇಳಿಯಾಗಿತ್ತು, ಇನ್ನೊಂದು ಬೇಡವೆನಿಸಿತು.

“ಇತ್ತು,” ಎಂದೆ.